ಬಲಿಸಾಲು ಇಲ್ಲದ ಮಡಿ

ಬೆಳೆಗೆ ರೋಗ ಬಾರದಿರಲಿ ಎಂದು ಲೋಕವೆಲ್ಲ ಹಾರೈಸುತ್ತದೆ. ರೋಗ ಚೆನ್ನಾಗಿ ಬರಲಿ, ಎಲೆಯೆಲೆಗೂ ಹತ್ತಲಿ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳು ತಂಗಿ ಒಬ್ಬಳೇ. ಅದು ಅವಳ ನೌಕರಿ. ಗೋಧಿ ಸಂಶೋಧನಾ ಕೇಂದ್ರದ ಹಿಂಭಾಗದಲ್ಲಿ ಅವಳಿಗೆಂದೇ ಬಿಟ್ಟ ಹೊಲವಿತ್ತು. ಅಲ್ಲಿ ನೂರಾರು ತಳಿಗಳನ್ನು ಒಂದೊಂದು ಸಾಲು ಬಿತ್ತುವುದು, ಗಿಡ ಮೊಣಕಾಲೆತ್ತರ ಬಂದ ಮೇಲೆ ತುಕ್ಕುರೋಗದ ಪುಡಿಯನ್ನು ನೀರಿಗೆ ಕಲಸಿ ಸಂಜೆ ಹೊತ್ತು ಎಲ್ಲದರ ಮೇಲೂ ಸಿಂಪಡಿಸುವುದು, ಆಮೇಲೆ ಯಾವುದು ಮಣಿಯುತ್ತದೆ ಯಾವುದು ತಾಳುತ್ತದೆ ಎಂದು ಸಾಲುಸಾಲಿಗೂ ಬಗ್ಗಿ ನೋಡಿ ಅಂಕ ಹಾಕುವುದು. ಸೊನ್ನೆ ಎಂದರೆ ಎಲೆ ಶುದ್ಧ. ಒಂಬತ್ತು ಎಂದರೆ ಎಲೆ ಇದ್ದೂ ಇಲ್ಲದಂತೆ; ಮುಟ್ಟಿದರೆ ಬೆರಳಿಗೆಲ್ಲ ಇಟ್ಟಿಗೆ ಬಣ್ಣದ ಪುಡಿ. ಆಳುಗಳು ಬೆನ್ನ ಹಿಂದೆ ಅವಳನ್ನು ರೋಗಮ್ಮ ಅನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ರೋಗಮ್ಮನ್ನ ಮನೆಗೆ ಕರ್ಕೊಂಡು ಹೋಗೋ ಧೈರ್ಯ ಯಾರಿಗಿದೆ?" ಎಂದು ತಾನೇ ನಕ್ಕುಬಿಡುತ್ತಿದ್ದಳು.

ರೋಗಮ್ಮ ಇದ್ದ ಮೇಲೆ ಬೀಜಮ್ಮ ಬೇಡವೇ? ಅವಳು ಅಕ್ಕ. ಒಡಹುಟ್ಟಿದ ಅಕ್ಕ, ಅದೇ ಕೇಂದ್ರದಲ್ಲಿ ಹೊಸ ತಳಿ ಕಟ್ಟುವವಳು. ಚಿಮುಟ ಹಿಡಿದು ಒಂದು ತೆನೆಯ ಕೇಸರಗಳನ್ನು ಕಿತ್ತು, ಇನ್ನೊಂದರ ಪರಾಗ ಉದುರಿಸಿ, ಕಾಗದದ ಟೋಪಿ ಹಾಕಿ, ಹುಟ್ಟಿದ್ದನ್ನೆಲ್ಲ ವರ್ಷಗಟ್ಟಲೆ ಸಾಕಿ, ಕೊನೆಗೆ ತಂಗಿಯ ಹೊಲಕ್ಕೆ ಕಳಿಸುತ್ತಿದ್ದಳು. "ಅಕ್ಕ ಹೆರ್ತಾಳೆ, ತಂಗಿ ಕೊಲ್ತಾಳೆ" ಎನ್ನುವುದು ಹೊಲದ ಮೇಸ್ತ್ರಿಯ ಮಾತು. ಅವನು ಅದನ್ನು ಹೊಸಬರು ಬಂದಾಗಲೆಲ್ಲ ಮೊದಲ ಸಲ ಹೇಳುತ್ತಿರುವವನಂತೆ ಹೇಳುತ್ತಿದ್ದ. ಸುಳ್ಳೇನಲ್ಲ. ಅಕ್ಕ ಕಳಿಸಿದ್ದರಲ್ಲಿ ಬಹುಪಾಲು ಏಳೋ ಎಂಟೋ ಅಂಕ ಹೊತ್ತು ಸುಡುವ ಗುಂಡಿ ಸೇರುತ್ತಿತ್ತು. ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ, "ಇವತ್ತು ನನ್ನ ಮಕ್ಕಳಲ್ಲಿ ಎಷ್ಟನ್ನ ನುಂಗಿದೆಯೇ?" ಎಂದು ಅಕ್ಕ ಕೇಳುವಳು. "ಹೆತ್ತವರಿಗೆ ಹೆಗ್ಗಣ ಮುದ್ದು. ನಿನ್ನ ಮಕ್ಕಳು ನೋಡೋಕೆ ಚೆಂದ, ತಾಳಿಕೆ ಇಲ್ಲ" ಎಂದು ತಂಗಿ ಅನ್ನುವಳು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು. ಒಂದು ಅಂಕ ಕಡಿಮೆ ಹಾಕು ಎಂದು ಅಕ್ಕ ಯಾವತ್ತೂ ಕೇಳಿದವಳಲ್ಲ, ಕೇಳಿದ್ದರೆ ತಂಗಿ ಹಾಕುತ್ತಿದ್ದವಳೂ ಅಲ್ಲ.

ತಾಯಿ ತೀರಿಕೊಂಡಾಗ ತಂಗಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಜಡೆ ಹಾಕಿ, ಓದಿಸಿ, ಇದೇ ಕೇಂದ್ರದಲ್ಲಿ ಕೆಲಸಕ್ಕೆ ಅರ್ಜಿ ಹಾಕಿಸಿದವಳು ಅಕ್ಕ. ಗಂಡ ಮದುವೆಯಾದ ಎರಡನೇ ವರ್ಷವೇ ತೀರಿಹೋದ ಮೇಲೆ ಅಕ್ಕ ಮತ್ತೆ ಯಾರ ಮನೆಗೂ ಹೋಗಲಿಲ್ಲ. ಇಬ್ಬರೂ ಕೇಂದ್ರದ ಕ್ವಾರ್ಟರ್ಸಿನಲ್ಲಿ, ಎರಡು ಕೋಣೆಯ ಮನೆಯಲ್ಲಿ ಉಳಿದರು. ನಿರ್ದೇಶಕರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಒಬ್ಬಳು ಅಕ್ಕ, ಇನ್ನೊಬ್ಬಳು ತಂಗಿ. ತಲೆ ನರೆತರೂ ಈಕೆ ತಂಗಿಯೇ.

ಈಗ ಕಥೆಗೆ ಬೇಕಾದ ಒಂದು ನಿಯಮ ಹೇಳಬೇಕು. ತಂಗಿಯ ಹೊಲದಲ್ಲಿ ಯಾವ ತಳಿ ಎಲ್ಲಿ ಬಿತ್ತಬೇಕೆಂದು ಯಾರೂ ಆರಿಸುವಂತಿಲ್ಲ. ತಳಿಗಳ ಚೀಟಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಎತ್ತುವುದು. ಬಂದ ಜಾಗ ಬಂದ ಹಾಗೆ. ಹೊಲದ ಒಂದು ಮೂಲೆ ತಂಪು, ಒಂದು ಮೂಲೆ ಒಣ, ಯಾರಿಗೂ ಪಕ್ಷಪಾತ ಆಗಬಾರದು. ಜೊತೆಗೆ ಪ್ರತಿ ಮಡಿಯಲ್ಲೂ ಒಂದು ಬಲಿಸಾಲು. ಅಂದರೆ ತುಕ್ಕು ಕಂಡರೆ ಸಾಕು ತಲೆ ಬಾಗಿಸುವ ಹಳೆಯ ಜಾತಿಯ ಗೋಧಿ. ಅದು ಸಾಯಲೇಬೇಕು. ಅದು ಸತ್ತರೆ ಆ ಮಡಿಗೆ ರೋಗ ಸರಿಯಾಗಿ ಬಂದಿದೆ, ಪಕ್ಕದಲ್ಲಿ ಉಳಿದದ್ದು ನಿಜವಾಗಿ ಉಳಿದಿದೆ ಎಂದು ಅರ್ಥ. ಅದೇ ಹಸಿರಾಗಿ ನಿಂತರೆ ಆ ಮಡಿಯ ಅಂಕಗಳನ್ನೆಲ್ಲ ಹೊಡೆದುಹಾಕಬೇಕು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಂಗಿ ಹೊಸ ಸಹಾಯಕರಿಗೆ ಮೊದಲ ದಿನವೇ ಕಲಿಸುತ್ತಿದ್ದ ಪಾಠ ಇದು.

ನಾಲ್ಕು ವರ್ಷದ ಕೆಳಗೆ ಅಕ್ಕನ ಬಲಗಾಲು ನೋಯತೊಡಗಿತ್ತು. ಮಂಡಿ ಸವೆದಿರಬೇಕು, ವಯಸ್ಸಾಯಿತಲ್ಲ ಎಂದುಕೊಂಡರು. ಆ ವರ್ಷ ಹೊಸದಾಗಿ ಬಂದ ತಳಿಗಳಲ್ಲಿ ಒಂದರ ಮೇಲೆ ಅಕ್ಕನಿಗೆ ಜೀವ. ಕೆಸರಿನ ಬದು ದಾಟಿ ನಡುಹೊಲಕ್ಕೆ ಹೋಗಿ ನೋಡಲು ಕಾಲು ಬಿಡದು. ಹೊಲದ ಅಂಚಿನಲ್ಲಿ ಮುಸುಕಿನಜೋಳ ಒಣಗಿಸುವ ಮನೆಯ ಗೋಡೆಗೆ ತಾಗಿ ಒಂದು ಕಲ್ಲುಬೆಂಚು ಇತ್ತು. ಅದರ ಮುಂದೆ ಒಂದು ಗೇಣು ಜಾಗ. ತಂಗಿ ಆ ಒಂದು ತಳಿಯ ಚೀಟಿಯನ್ನು ಚೀಲಕ್ಕೆ ಹಾಕಲಿಲ್ಲ. ಅದನ್ನು ತೆಗೆದು ಬೆಂಚಿನ ಮುಂದೆ ಬಿತ್ತಿಸಿದಳು. ಒಂದು ಸಾಲು ತಾನೇ, ಅಕ್ಕ ಕೂತು ನೋಡಲಿ. ಬಲಿಸಾಲು ಹಾಕಲು ಅಲ್ಲಿ ಜಾಗವಿರಲಿಲ್ಲ, ಬೆಂಚು ಅಡ್ಡ. ಪಕ್ಕದ ಮಡಿಯಲ್ಲಿ ಇದೆಯಲ್ಲ, ಅದನ್ನೇ ನೋಡಿದರಾಯಿತು ಎಂದು ತಂಗಿ ತನಗೆ ತಾನೇ ಹೇಳಿಕೊಂಡಳು. ಇಡೀ ಆಯುಷ್ಯದಲ್ಲಿ ಅವಳು ಮುರಿದ ನಿಯಮ ಅದೊಂದೇ.

ಆ ಸಾಲಿಗೆ ತುಕ್ಕು ಹತ್ತಲಿಲ್ಲ. ತಂಗಿ ಎಲೆ ಮಗುಚಿ ನೋಡಿದಳು, ಬುಡದಲ್ಲಿ ನೋಡಿದಳು, ಭೂತಗನ್ನಡಿ ತಂದು ನೋಡಿದಳು. ಒಂದು ಚುಕ್ಕೆ ಇಲ್ಲ. ಸೊನ್ನೆ ಹಾಕಲು ಅವಳ ಪೆನ್ನಿನಲ್ಲಿ ಇಂಕೇ ಇಲ್ಲ ಎಂದು ಕೇಂದ್ರದಲ್ಲಿ ಹೆಸರಾದವಳು ಅವತ್ತು ಸೊನ್ನೆ ಹಾಕಿದಳು. ಮರುವರ್ಷವೂ ಸೊನ್ನೆ. ಅದರ ಮರುವರ್ಷವೂ. ಇಷ್ಟು ಮೊಂಡುತನ ಯಾರಿಂದ ಬಂತೋ ಎಂದು ಅಕ್ಕ ಅದಕ್ಕೆ ಮೊಂಡಿ ಎಂದು ಹೆಸರಿಟ್ಟಳು. ಆಮೇಲೆ ಜಾಗ ಬದಲಾಯಿಸಲು ಯಾರಿಗೂ ಮನಸ್ಸು ಬರಲಿಲ್ಲ. ಅಕ್ಕ ಬೆಳಗ್ಗೆಯೇ ಬಂದು ಬೆಂಚಿನ ಮೇಲೆ ಕೂತುಬಿಡುವಳು. ಮೊಂಡಿಯನ್ನು ನೋಡುತ್ತ, ಮೊಣಕಾಲು ಸವರಿಕೊಳ್ಳುತ್ತ, "ಇಲ್ಲಿ ಕೂತ್ರೆ ಜೀವಕ್ಕೆ ಹಿತ ಕಣೇ" ಅನ್ನುವಳು. ತಂಗಿಗೆ ಅದಕ್ಕಿಂತ ಬೇರೇನು ಬೇಕಿತ್ತು?

ಅಷ್ಟರಲ್ಲಿ ಅಕ್ಕ ಬೇರೆಲ್ಲ ತಳಿಗಳನ್ನು ಬಿಟ್ಟು ಮೊಂಡಿಯನ್ನೇ ಹಿಡಿದಳು. ನಾಲ್ಕು ಹಂಗಾಮಿನ ಸಂಕರಗಳೆಲ್ಲದರಲ್ಲೂ ಒಂದು ಕಡೆ ಮೊಂಡಿಯೇ. ಆ ಮಕ್ಕಳನ್ನೆಲ್ಲ ಚೀಟಿ ಎತ್ತಿ ನಡುಹೊಲದಲ್ಲಿ ಬಿತ್ತಿದರೆ ಒಂದೊಂದೂ ತುಕ್ಕು ಹಿಡಿದು ಸತ್ತವು. ಮಗು ಕೆಟ್ಟರೆ ಬೀಗರ ಕಡೆಯ ರಕ್ತ ಅನ್ನುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಇಲ್ಲೂ ಅಕ್ಕ ತಂಗಿ ಇಬ್ಬರೂ ಆ ಕಡೆಯ ತಳಿಯನ್ನೇ ಬೈದರು. ಒಳ್ಳೆ ಸಂಬಂಧ ಸಿಗಲಿಲ್ಲ ಮೊಂಡಿಗೆ ಎಂದು ಅಕ್ಕ ಮರುಗುವಳು. ಮೇಸ್ತ್ರಿಯಂತೂ, "ಇಬ್ಬರು ಓದಿದವರು ಸೇರ್ಕೊಂಡು ಗೋಧಿಗೆ ಗಂಡು ಹುಡುಕ್ತಿದಾರೆ" ಎಂದು ಹೊಲವೆಲ್ಲ ನಗಿಸಿದ್ದ.

ಕೇಂದ್ರದ ಹೊರಗೆ ಒಂದು ತಳಿಯನ್ನು ಕಳಿಸಬೇಕಾದರೆ ತಂಗಿಯ ಹೊಲದಲ್ಲಿ ಅದು ಐದು ಹಂಗಾಮು ನಿಲ್ಲಬೇಕು. ನಾಲ್ಕು ಆಗಿತ್ತು. ಐದನೆಯದು ಬರುವ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದಿದ್ದಳು. ಮಂಡಿ ಸವೆದದ್ದಲ್ಲ, ತೊಡೆಯ ಮೂಳೆಯಲ್ಲಿ ಗಡ್ಡೆ. ಗೊತ್ತಾಗುವಷ್ಟರಲ್ಲಿ ಶ್ವಾಸಕೋಶಕ್ಕೂ ಹೋಗಿತ್ತು. ಮೊದಲೇ ಬಂದಿದ್ದರೆ ಎಂದು ಶುರುಮಾಡಿದ ಡಾಕ್ಟರು, ಅಕ್ಕನ ಮುಖ ನೋಡಿ ಮಾತು ನುಂಗಿಕೊಂಡು, ನೋವಾಗದ ಹಾಗೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಕಳಿಸಿದರು. ಅಕ್ಕ ಅಳಲಿಲ್ಲ. ಅವಳಿಗೆ ಬೇಕಾದದ್ದು ಒಂದೇ: ಮೊಂಡಿಯ ಐದನೇ ಸೊನ್ನೆಯನ್ನು ಕಿವಿಯಾರೆ ಕೇಳಿ ಹೋಗುವುದು. ಎಷ್ಟು ವರ್ಷ ದುಡಿದರೂ ಅವಳ ಒಂದು ತಳಿಯೂ ಹೊರಗಿನ ಹೊಲ ಕಂಡಿರಲಿಲ್ಲ. ತಂಗಿಗೂ ಆಮೇಲೆ ಬೇರೇನೂ ಬೇಕಿರಲಿಲ್ಲ.

ಆ ಬೆಳಗ್ಗೆ ತಂಗಿ ಮೊಂಡಿಯ ಸಾಲಿಗೆ ಬಗ್ಗಿದಾಗ ತೆನೆಯ ಕೆಳಗಿನ ಎಲೆಯಲ್ಲಿ ಒಂದು ಚುಕ್ಕೆ ಕಂಡಿತು. ಮಣ್ಣು ಸಿಡಿದಿರಬೇಕು ಎಂದು ಹೆಬ್ಬೆರಳಿನಿಂದ ಒರೆಸಿದಳು. ಹೆಬ್ಬೆರಳಿಗೆ ಇಟ್ಟಿಗೆ ಬಣ್ಣ ಬಂತು. ಪಕ್ಕದ ಗಿಡ ನೋಡಿದಳು, ಅದರ ಪಕ್ಕದ್ದು ನೋಡಿದಳು. ನಲ್ಲಿಗೆ ಹೋಗಿ ಕೈ ತೊಳೆದು ಬಂದು, ಮೊದಲಿನಿಂದ ನೋಡುವವಳಂತೆ ಮತ್ತೆ ಸಾಲಿನ ತುದಿಯಿಂದ ಶುರುಮಾಡಿದಳು. ತುಕ್ಕು ಎಲ್ಲ ಗಿಡದಲ್ಲೂ ಇತ್ತು. ಇನ್ನೊಂದು ವಾರಕ್ಕೆ ಏಳಾಗುತ್ತದೆ ಎಂದು ಅವಳ ಕಣ್ಣಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಏನಮ್ಮಾ, ಮೊಂಡಿ ಮಣೀತಾ?" ಎಂದು ಮೇಸ್ತ್ರಿ ದೂರದಿಂದ ಕೇಳಿದ. ಅವಳು ಇನ್ನೂ ಬಗ್ಗಿಯೇ ಇದ್ದದ್ದನ್ನು ನೋಡಿ ಹತ್ತಿರ ಬಂದ. ಎಲೆ ನೋಡಿದ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡ. ಅವನಿಗೆ ಅವತ್ತು ಯಾವ ಹಾಸ್ಯವೂ ಹೊಳೆಯಲಿಲ್ಲ.

ಸಂಜೆ ಮನೆಗೆ ಹೋಗಿ ತಂಗಿ ಹೇಳಿದಳು. ಹೇಳದಿರಲು ಸಾಧ್ಯವಿರಲಿಲ್ಲ, ಬಾಗಿಲು ತೆಗೆದ ಸದ್ದಿಗೇ ಅಕ್ಕ, "ಹೇಗಿದ್ದಾಳೆ ನನ್ನ ಮೊಂಡಿ?" ಎಂದು ಕೇಳಿಯಾಗಿತ್ತು.

"ತುಕ್ಕು ಬಂದಿದೆ ಅಕ್ಕ."

ಅಕ್ಕ ಕಿಟಕಿಯ ಕಡೆ ತಿರುಗಿದಳು. ಆಮೇಲೆ, "ಹೊಸ ತುಕ್ಕಿರಬೇಕು" ಎಂದಳು.

"ನಂಗೂ ಹಾಗೇ ಅನ್ಸತ್ತೆ. ಎಲೆ ಲ್ಯಾಬಿಗೆ ಕಳಿಸಿದೀನಿ."

"ಹೊಸದೇ. ಹಳೇದಕ್ಕೆ ಅವಳು ಜಗ್ಗೋಳಲ್ಲ." ಅಕ್ಕ ನಿಧಾನವಾಗಿ ಉಸಿರು ಬಿಟ್ಟಳು. ತುಕ್ಕು ಸುಮ್ಮನೆ ಕೂರುವುದಿಲ್ಲ, ವೇಷ ಬದಲಾಯಿಸಿಕೊಂಡು ಬರುತ್ತಲೇ ಇರುತ್ತದೆ. ಇವತ್ತು ತಾಳಿದ ತಳಿ ನಾಳೆ ಹೊಸ ತುಕ್ಕಿಗೆ ಬೀಳುವುದು ಈ ಕೆಲಸದಲ್ಲಿ ಹೊಸತಲ್ಲ. "ಹೋಗ್ಲಿ ಬಿಡು. ನಾಲ್ಕು ವರ್ಷ ನಿಂತಳಲ್ಲ. ಹಳೇ ತುಕ್ಕಿಗೆ ಗೋಡೆ ಇದ್ದ ಹಾಗೆ ನಿಂತಳು. ರೈತರ ಹೊಲಕ್ಕೆ ಹೋಗದಿದ್ರೆ ಏನಂತೆ, ಬೇರೆ ಕೇಂದ್ರದೋರು ಅವಳನ್ನ ಸಂಕರಕ್ಕೆ ತಗೋಬಹುದು. ಒಳ್ಳೆ ಕಡೆ ಕೊಟ್ರೆ ಮಕ್ಕಳಾದ್ರೂ ಉಳೀತವೆ."

ಮರುದಿನವೇ ಅಕ್ಕ ಫೋನು ಹಿಡಿದು ಬೇರೆ ಬೇರೆ ಕೇಂದ್ರಗಳ ಹಳೆಯ ಗೆಳೆಯರನ್ನೆಲ್ಲ ಮಾತಾಡಿಸಿದಳು. ಒಬ್ಬ ಗೆಳತಿ ಮುಂದಿನ ವಾರ ತಾನೇ ಬಂದು ಬೀಜ ತೆಗೆದುಕೊಂಡು ಹೋಗಿ ಎಲ್ಲರಿಗೂ ಹಂಚುತ್ತೇನೆ ಎಂದಳು. ಬಹಳ ದಿನದ ಮೇಲೆ ಅಕ್ಕ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಸೋಲು ಬಂದರೂ ಮರ್ಯಾದೆಯ ಸೋಲು ಬಂತು ಎನ್ನುವ ಸಮಾಧಾನ ಅವಳ ಮುಖದಲ್ಲಿತ್ತು, ಅದನ್ನು ಕಂಡು ತಂಗಿಗೆ ಕಣ್ಣು ತುಂಬಿತು.

ಲ್ಯಾಬಿನವನ ಫೋನು ಬಂದದ್ದು ಆಮೇಲೆ. "ಹೊಸದೇನೂ ಇಲ್ಲ ಮೇಡಂ. ಎರಡು ಸಲ ಪರೀಕ್ಷೆ ಮಾಡಿದೆ. ನೀವೇ ವರ್ಷ ವರ್ಷ ಸಿಂಪಡಿಸ್ತೀರಲ್ಲ, ಅದೇ ಹಳೇ ತುಕ್ಕು" ಎಂದ. ಮೂರನೇ ಸಲ ಮಾಡಿ ಎಂದು ತಂಗಿ ಅಂದಳು. ಅವನು ಮಾಡಿದ. ಅದೇ ಬಂತು.

ಹಳೆಯ ತುಕ್ಕಾದರೆ ನಾಲ್ಕು ವರ್ಷ ಯಾಕೆ ಹತ್ತಲಿಲ್ಲ? ತಂಗಿ ಈ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಹೊಲಕ್ಕೆ ಹೋದಳು. ಮೊಂಡಿಯ ಮುಂದೆ, ಅಕ್ಕ ಕೂರುತ್ತಿದ್ದ ಬೆಂಚಿನ ಮೇಲೆ ಕೂತಳು. ಕೂತವಳು ತಟ್ಟನೆ ಎದ್ದಳು. ಬಟ್ಟೆ ಒದ್ದೆಯಾಗಿತ್ತು. ಬೆಂಚಿನ ತುಂಬ ಇಬ್ಬನಿ. ಮೊಂಡಿಯ ಎಲೆಗಳಿಂದಲೂ ತೊಟ್ಟಿಕ್ಕುತ್ತಿತ್ತು. ಅಕ್ಕ ಇದೇ ಹೊತ್ತಿಗೆ, ಇದೇ ಚಳಿಗಾಲದಲ್ಲಿ, ನಾಲ್ಕು ವರ್ಷ ಇಲ್ಲಿ ಕೂತು ಎದ್ದಿದ್ದಾಳೆ. ಒಂದು ದಿನವೂ ಅವಳ ಬಟ್ಟೆ ಒದ್ದೆಯಾದದ್ದು ತಂಗಿ ನೋಡಿರಲಿಲ್ಲ.

ತಲೆ ಎತ್ತಿದಳು. ಬೆಂಚಿನ ಮೇಲುಗಡೆ, ಜೋಳ ಒಣಗಿಸುವ ಮನೆಯ ಗೋಡೆಯಲ್ಲಿ, ದೊಡ್ಡ ಫ್ಯಾನಿನ ಕಿಂಡಿ. ಫ್ಯಾನು ನಿಂತಿತ್ತು. ಮುಸುಕಿನಜೋಳದ ವಿಭಾಗವನ್ನು ಈ ವರ್ಷ ಬೇರೆ ಊರಿಗೆ ಎತ್ತಿಹಾಕಿದ್ದರು, ಆ ಮನೆಗೆ ಬೀಗ ಬಿದ್ದಿತ್ತು. ಹಿಂದಿನ ವರ್ಷಗಳಲ್ಲಿ ಗೋಧಿ ಬೆಳೆಯುವ ಕಾಲಕ್ಕೆ ಸರಿಯಾಗಿ ಒಳಗೆ ಜೋಳದ ತೆನೆ ಒಣಗುತ್ತಿತ್ತು. ಒಳಗಿನ ಬಿಸಿಗಾಳಿ ಹಗಲೂ ರಾತ್ರಿ ಆ ಕಿಂಡಿಯಿಂದ ಹೊರಕ್ಕೆ, ಬೆಂಚಿನ ಮೇಲೆ, ಮೊಂಡಿಯ ಮೇಲೆ ಬೀಸುತ್ತಿತ್ತು. ತುಕ್ಕಿನ ಪುಡಿ ಎಲೆಯ ಮೇಲೆ ಬಿದ್ದರೆ ಸಾಲದು. ಅದು ಮೊಳೆಯಬೇಕಾದರೆ ರಾತ್ರಿಯೆಲ್ಲ ಎಲೆ ಒದ್ದೆಯಾಗಿರಬೇಕು. ಹೊಸ ಸಹಾಯಕರಿಗೆ ಎರಡನೇ ದಿನ ಹೇಳಿಕೊಡುತ್ತಿದ್ದ ಪಾಠ ಅದು. ಮೊಂಡಿ ಯಾವತ್ತೂ ತಾಳಿರಲಿಲ್ಲ. ಅವಳಿಗೆ ರೋಗ ಬಂದೇ ಇರಲಿಲ್ಲ. ಅಲ್ಲೊಂದು ಬಲಿಸಾಲು ಇದ್ದಿದ್ದರೆ ಅದೂ ಹಸಿರಾಗಿ ನಿಂತು ಮೊದಲನೇ ವರ್ಷವೇ ಗುಟ್ಟು ಬಿಡುತ್ತಿತ್ತು. ಕಾಯಬೇಕಾದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ತಾನು ಎಂದು ತಂಗಿಗೆ ನಿಂತಲ್ಲೇ ತಿಳಿಯಿತು.

ಅವಳಿಗೆ ಚುಚ್ಚಿದ್ದು ಮೊಂಡಿ ಹೋದದ್ದಲ್ಲ. ನೆನಪಾದದ್ದು ಗಿಡ್ಡಿ. ಮೊಂಡಿಯ ಜೊತೆಯಲ್ಲೇ ಬಂದ ಇನ್ನೊಂದು ತಳಿ, ಕುಳ್ಳು ಗಿಡ, ನೋಡಲು ಲಕ್ಷಣವಿಲ್ಲ. ಅದು ಚೀಟಿಯಲ್ಲಿ ನಡುಹೊಲದ ಅತ್ಯಂತ ತಂಪಾದ ಮಡಿಗೆ ಬಿದ್ದಿತ್ತು, ಅಕ್ಕಪಕ್ಕದ ಬಲಿಸಾಲು ಬುಡದವರೆಗೆ ಸತ್ತಿತ್ತು. ಗಿಡ್ಡಿಗೆ ಬಂದದ್ದು ಎರಡು. ಒಂದಿಷ್ಟು ಚುಕ್ಕೆ, ಅಷ್ಟೇ. ಅಲ್ಲಿಂದ ಮುಂದೆ ತುಕ್ಕು ಹೆಜ್ಜೆ ಇಡಲಿಲ್ಲ. ಬೇರೆ ಯಾವ ವರ್ಷವಾಗಿದ್ದರೂ ಎರಡು ಬಂದ ತಳಿಯನ್ನು ಅಕ್ಕ ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದಳು. ಆದರೆ ಸೊನ್ನೆ ಕಣ್ಣೆದುರಿಗೆ ಇರುವಾಗ ಎರಡು ಯಾರಿಗೆ ಬೇಕು? "ಗಿಡ್ಡಿನೂ ಇಟ್ಕೊಳ್ಳೋಣವಾ?" ಎಂದು ತಂಗಿ ಕೇಳಿದ್ದಳು. "ಜಾಗ ಎಲ್ಲಿದೆ, ಬಿಡು" ಎಂದು ಅಕ್ಕ ಅಂದಿದ್ದಳು.

ಆದರೂ ಒಂದು ಹಿಡಿ ಎಲ್ಲಾದರೂ ಉಳಿದಿರಬಹುದೆಂದು ತಂಗಿ ಬೀಜದ ಉಗ್ರಾಣಕ್ಕೆ ಹೋದಳು. ತಣ್ಣನೆಯ ಕೋಣೆಯಲ್ಲಿ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದಳು. ತಳದ ಗೂಡುಗಳಲ್ಲಿ, ಮುರಿದ ತಕ್ಕಡಿಯ ಹಿಂದೆ, ಇಲಿ ಕಡಿದ ಚೀಲಗಳ ಒಳಗೆ ಕೈಯಾಡಿಸಿದಳು. ಉಗ್ರಾಣದವನು ಬಾಗಿಲಲ್ಲಿ ನಿಂತು, "ಅಮ್ಮಾ, ಬೇಡದ್ದನ್ನೆಲ್ಲ ಸುಡಿಸಿದ್ದು ನೀವೇ ಅಲ್ವಾ? ನಾನು ಒಂದು ಕಾಳು ಮನೆಗೆ ತಗೊಂಡು ಹೋದ್ರೂ ಬೈತಿದ್ರಿ" ಎಂದ. ಅವನು ಚುಚ್ಚಲೆಂದು ಹೇಳಿದ್ದಲ್ಲ. ಬೇಡದ ಬೀಜ ಹೊರಗೆ ಹೋಗಬಾರದು, ಪ್ರತಿ ಹಂಗಾಮಿನ ಕೊನೆಗೆ ಸುಡಬೇಕು ಎನ್ನುವುದೂ ನಿಯಮವೇ. ಆ ನಿಯಮವನ್ನು ಮಾತ್ರ ತಂಗಿ ಕೂದಲೆಳೆಯಷ್ಟೂ ತಪ್ಪಿಸಿರಲಿಲ್ಲ. ಗಿಡ್ಡಿಯ ಚೀಲ ಗುಂಡಿಗೆ ಬಿದ್ದಾಗ ಪಕ್ಕದಲ್ಲಿ ನಿಂತು, ಪೂರ್ತಿ ಉರಿಯಿತೇ ಎಂದು ಕೋಲಿನಿಂದ ಕೆದಕಿ ನೋಡಿದ್ದಳು.

ನಿರ್ದೇಶಕರಿಗೆ ವಿಷಯ ತಿಳಿಸಬೇಕಿತ್ತು, ತಿಳಿಸಿದಳು. ಅವರು ಕೆಟ್ಟ ಮನುಷ್ಯರಲ್ಲ. ಬಾಗಿಲು ಮುಂದೆ ಮಾಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ದನಿ ಇಳಿಸಿದರು.

"ಲ್ಯಾಬಿನವರು ಸಾವಿರ ಹೇಳ್ತಾರೆ ತಂಗಿಯವರೇ. ಹೊಸ ತುಕ್ಕು ಅಂತ ಬರೆದುಬಿಡಿ. ಯಾರು ಕೇಳ್ತಾರೆ? ಅಕ್ಕ ಇನ್ನೆಷ್ಟು ದಿನ ಇರ್ತಾರೆ, ಅವರ ಮರ್ಯಾದೆ ಉಳಿಯತ್ತೆ. ನಿಮ್ಮದೂ."

"ಬೀಜ ಎಲ್ಲ ಕಡೆ ಹೋಗತ್ತೆ ಸಾರ್. ಅವರೂ ನಾಲ್ಕಾರು ವರ್ಷ ಅದರ ಹಿಂದೆ ಬೀಳ್ತಾರೆ."

"ಬಿದ್ದರೆ ಬೀಳಲಿ. ಅವರಿಗೂ ಗೊತ್ತಾಗತ್ತೆ, ಬಿಡ್ತಾರೆ. ನಾವು ಬಿಟ್ಟಿಲ್ವಾ?"

ತಂಗಿ ಎದ್ದು ಬಂದಳು. ಆ ಮಾತು ಕಿವಿಯಲ್ಲಿ ಉಳಿಯಿತು. ನಿಜ, ಸುಮ್ಮನಿರುವುದು ಎಷ್ಟು ಸುಲಭ. ಅಕ್ಕ ಸಮಾಧಾನವಾಗಿದ್ದಾಳೆ, ಅನ್ನ ಉಣ್ಣುತ್ತಿದ್ದಾಳೆ. ಇನ್ನು ಕೆಲವೇ ದಿನ, ಬಾಯಿ ಮುಚ್ಚಿಕೊಂಡಿದ್ದರೆ ಅವಳು ಮೊಂಡಿಯನ್ನು ನಂಬಿಕೊಂಡೇ ಹೋಗುತ್ತಾಳೆ. ತಂಗಿ ಎರಡು ದಿನ ಹಾಗೇ ಇದ್ದಳು. ಅಕ್ಕ ಲ್ಯಾಬಿನ ಸುದ್ದಿ ಕೇಳಿದರೆ ಇನ್ನೂ ಬಂದಿಲ್ಲ ಅಂದಳು. ಅಕ್ಕನಿಗೆ ಹೇಳಿದ ಮೊದಲ ಸುಳ್ಳು ಅದು, ಅವತ್ತು ತಂಗಿ ಉಣ್ಣದೆ ಮಲಗಿದಳು. ಆಮೇಲೆ ಅವಳು ಸತ್ಯ ಹೇಳಿದ್ದನ್ನು ಕೇಂದ್ರದಲ್ಲಿ ಕೆಲವರು ದೊಡ್ಡ ಗುಣವೆಂದು ಹೊಗಳಿದರು. ಸತ್ಯ ಹೇಳಿದವರೆಲ್ಲ ಧೈರ್ಯವಂತರೇನಲ್ಲ. ಕೆಲವರಿಗೆ ಒಬ್ಬರೇ ಹೊತ್ತುಕೊಂಡಿರಲು ಆಗುವುದಿಲ್ಲ, ಹುಟ್ಟಿದಾಗಿನಿಂದ ಅಕ್ಕನ ಹೆಗಲಿಗೆ ಹಾಕಿಯೇ ಅಭ್ಯಾಸ.

ಗೆಳತಿ ಬರುವ ಹಿಂದಿನ ಮಧ್ಯಾಹ್ನ ತಂಗಿ ಮನೆಗೆ ಬಂದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ಮೊಂಡಿಯ ಬೀಜ. ಒಂದೊಂದು ಕಾಳನ್ನೂ ಬೆಳಕಿಗೆ ಹಿಡಿದು ನೋಡಿ, ಮುರಿದದ್ದನ್ನು ತೆಗೆದು, ಚಿಕ್ಕ ಚಿಕ್ಕ ಕಾಗದದ ಪೊಟ್ಟಣ ಕಟ್ಟುತ್ತಿದ್ದಳು. ಈಗಲೂ ಪೊಟ್ಟಣದ ಮಡಿಕೆ ಅಚ್ಚುಕಟ್ಟು.

"ಕಟ್ಟಬೇಡ ಅಕ್ಕ" ಎಂದಳು ತಂಗಿ.

"ಯಾಕೆ?"

"ಲ್ಯಾಬಿನದು ಬಂತು."

"ಹೊಸದಲ್ವಾ?"

"ಹಳೇದು."

ಅಕ್ಕನ ಬೆರಳು ಮೊರದ ಮೇಲೆ ನಿಂತಿತು. ಬೇರೆಯವರಿಗಾದರೆ ಬಿಡಿಸಿ ಹೇಳಬೇಕಿತ್ತು. ಅವಳಿಗೆ ಆ ಒಂದು ಮಾತು ಸಾಕಾಯಿತು. ಆದರೂ ಅವಳು ತನ್ನ ಹೊಲದ ತಪ್ಪು ಹುಡುಕುವವಳಂತೆ ಒಂದೊಂದಾಗಿ ಕೇಳಿದಳು.

"ನಾಲ್ಕು ವರ್ಷ ಯಾಕೆ ಹತ್ತಲಿಲ್ಲ?"

"ಜೋಳದ ಮನೆ ಫ್ಯಾನು. ಬಿಸಿಗಾಳಿಗೆ ಅಲ್ಲಿ ಇಬ್ಬನಿನೇ ನಿಲ್ತಿರಲಿಲ್ಲ. ಈ ವರ್ಷ ಫ್ಯಾನಿಲ್ಲ."

"ಬಲಿಸಾಲು?"

"ಇರಲಿಲ್ಲ. ಬೆಂಚು ಅಡ್ಡ ಇತ್ತು."

"ಚೀಟಿ ಎತ್ತಿ ಆ ಜಾಗ ಬಂದಿದ್ದಲ್ವಾ?"

"ಅಲ್ಲ."

"ಮತ್ತೆ?"

ತಂಗಿ ಮೊರದಿಂದ ಕೆಳಗೆ ಬಿದ್ದಿದ್ದ ಒಂದು ಕಾಳನ್ನು ಹೆಕ್ಕಿದಳು. ಅಕ್ಕ ಕಾಯುತ್ತಿದ್ದಳು. "ನೀನು ಕೂತು ನೋಡ್ಲಿ ಅಂತ" ಎಂದು ಕೊನೆಗೆ ಹೇಳಿದಳು.

ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಆಮೇಲೆ, "ಅದರ ಮಕ್ಕಳು ಸಾಯ್ತಿದ್ದಾಗ ಬೀಗರನ್ನ ಬೈದ್ವಿ" ಎಂದಳು. ನಗಲು ಹೋದ ಬಾಯಿ ಸೊಟ್ಟಗಾಯಿತು. "ಗಿಡ್ಡಿ?"

"ಇಲ್ಲ."

"ಹುಡುಕಿದೆಯಾ?"

"ಎಲ್ಲ ಹುಡುಕಿದೆ. ಸುಟ್ಟಾಗಿದೆ. ನಾನೇ ನಿಂತು ಸುಡಿಸಿದ್ದು."

"ಬೇಡ ಅಂದಿದ್ದು ನಾನು" ಎಂದಳು ಅಕ್ಕ. ಅವಳಿಗೆ ಗಿಡ್ಡಿಯ ಅಂಕ ನೆನಪಿತ್ತು, ಮಡಿ ನೆನಪಿತ್ತು. ಕಣ್ಣು ಮುಚ್ಚಿಕೊಂಡಿದ್ದರೂ ಆ ಕುಳ್ಳು ಗಿಡವನ್ನು ನೋಡುತ್ತಿದ್ದಾಳೆಂದು ತಂಗಿಗೆ ಗೊತ್ತಾಯಿತು. ಒಂದು ಜನ್ಮದ ದುಡಿಮೆಯಲ್ಲಿ ಒಂದೇ ಒಂದು ನಿಜವಾದದ್ದು ಹುಟ್ಟಿತ್ತು. ಅದನ್ನು ಇಬ್ಬರೂ ಸೇರಿ, ಹುಟ್ಟಿದ ವರ್ಷವೇ, ನಿಯಮದ ಪ್ರಕಾರ ಬೂದಿ ಮಾಡಿದ್ದರು.

"ಅಲ್ಲಿ ಕೂತ್ರೆ ಕಾಲು ನೋಯ್ತಿರಲಿಲ್ಲ" ಎಂದಳು ಅಕ್ಕ, ಕಣ್ಣು ತೆರೆಯದೆ. "ಬೆಚ್ಚಗಿರ್ತಿತ್ತಲ್ಲ. ಮನೆಗೆ ಬಂದ ಮೇಲೂ ಅರ್ಧ ದಿನ ಹಗುರ. ಅದಕ್ಕೇ ಡಾಕ್ಟರ್ ಹತ್ರ ಆಮೇಲೆ ಹೋದ್ರಾಯ್ತು ಅಂತಿದ್ದೆ. ನೀನೂ ಹಾಗೇ ಅಂದೆ, ಅಲ್ಲೇ ಹೋಗಿ ಕೂತ್ಕೋ, ವಾಸಿಯಾಗತ್ತೆ ಅಂತ."

ತಂಗಿ ಅಂದಿದ್ದಳು. ಒಂದು ಸಲವಲ್ಲ, ಎಷ್ಟೋ ಸಲ. ಅವಳಿಗೆ ಇದು ಈವರೆಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಹಾಸಿಗೆಯ ಕೆಳತುದಿಯಲ್ಲಿ ಕೂತಳು. ಕ್ಷಮೆ ಕೇಳಬೇಕು ಅನ್ನಿಸಿತು, ಆದರೆ ಅಕ್ಕನನ್ನು ಕ್ಷಮೆ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ದಿನವೂ ಆ ಹೊತ್ತಿಗೆ ಮಾಡುವ ಕೆಲಸಕ್ಕೆ ಕೈ ತಾನಾಗಿ ಹೋಯಿತು. ಹೊದಿಕೆ ಸರಿಸಿ, ಎಣ್ಣೆಯ ಬಟ್ಟಲು ಹತ್ತಿರಕ್ಕೆಳೆದು, ಅಕ್ಕನ ಬಲಗಾಲಿನ ಮೇಲೆ ಅಂಗೈ ಇಟ್ಟಳು.

ಅಕ್ಕ ಕಾಲನ್ನು ಹಿಂದಕ್ಕೆಳೆದುಕೊಂಡಳು. ಆ ಕಾಲನ್ನು ಅಷ್ಟು ದೂರ ಎಳೆದುಕೊಳ್ಳಲು ಅವಳಿಗೆ ಎಷ್ಟು ನೋವಾಗಿರಬೇಕೆಂದು ತಂಗಿಗೆ ಗೊತ್ತಿತ್ತು.

"ಎಣ್ಣೆ ಹಚ್ತೀನಿ ಅಕ್ಕ."

"ಬೇಡ."

"ಸ್ವಲ್ಪ ಹಗುರಾಗತ್ತೆ."

"ಬೇಡ ಅಂದೆನಲ್ಲ" ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಈ ಕಾಲಿಗೋಸ್ಕರ ನೀನು ಮಾಡಿದ್ದು ಸಾಕು."

ಗೆಳತಿಗೆ ಬರಬೇಡ ಎಂದು ಅಕ್ಕ ತಾನೇ ಫೋನು ಮಾಡಿದಳು. ಮೊಂಡಿಯ ಪೊಟ್ಟಣಗಳನ್ನು ತಂಗಿ ಗುಂಡಿಗೆ ಹಾಕಿ ಬಂದಳು. ಆಮೇಲೆ ಅಕ್ಕ ಒಂದು ಕಟುಮಾತೂ ಆಡಲಿಲ್ಲ. ಅಡುಗೆಗೆ ಏನು ಮಾಡಿದೆ, ಹೊರಗೆ ಚಳಿ ಇದೆಯಾ ಎಂದು ಕೇಳುವಳು, ಗೋಧಿಯ ಸುದ್ದಿ ಮಾತ್ರ ಎತ್ತಲಿಲ್ಲ. ಆ ಹಂಗಾಮಿನ ಬೆಳೆ ಕೀಳುವ ಮೊದಲೇ ಹೋದಳು. ಅಲ್ಲಿಯವರೆಗೆ ಅವಳ ಕಾಲಿಗೆ ಎಣ್ಣೆ ಹಚ್ಚಲು ಪಕ್ಕದ ಮನೆಯಾಕೆ ಬರುತ್ತಿದ್ದಳು. ತಂಗಿ ಅಡುಗೆಮನೆಯಲ್ಲಿ ಎಣ್ಣೆ ಬಿಸಿ ಮಾಡಿ, ಬಟ್ಟಲನ್ನು ಕೋಣೆಯ ಬಾಗಿಲವರೆಗೆ ತಂದು, ಹೊರಗೇ ನಿಂತು ಅವಳ ಕೈಗೆ ಕೊಡುತ್ತಿದ್ದಳು.